ಅಯಸ್ಕಾಂತದ ಗಿರಾಕಿ
ಎಂಜಿನ್ನಿನ ಹೊಗೆ ಸಾಗಿಸುವ ಹೆಡರ್ ಪೈಪು ಕೊಳ್ಳಲು ನಮ್ಮ ಅಂಗಡಿಗೆ ಎಡತಾಕುವ ಈ ಗಿರಾಕಿಯ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಯಾವ ಪೈಪು ತೋರಿಸಿದರೂ ಅಂಟುತ್ತದೆಯೇ ಎಂದು ಅದಕ್ಕೆ ಅಯಸ್ಕಾಂತ ಒತ್ತಿ ಹಿಡಿದು, "ಇದು ಸ್ಟೇನ್‌ಲೆಸ್ಸೋ, ವೇಷ ಹಾಕಿದ ಕಬ್ಬಿಣವೋ?" ಎನ್ನುತ್ತಾರೆ. ಬೆಲೆ ಕಡಿಮೆ ಹೇಳಿದರೆ ಮಾಲಿನ ಮೇಲೆ ಅನುಮಾನ, ಹೆಚ್ಚು ಹೇಳಿದರೆ ನಮ್ಮ ಮೇಲೆ. "ನನ್ನ ಹಣೆಗೂ ಹಿಡಿದು ನೋಡಿಬಿಡಿ ಸ್ವಾಮಿ," ಎಂದು ಮಾಲೀಕರು ಗೊಣಗಿದರೆ, "ಮೊದಲು ಪೈಪು ಮುಗೀಲಿ," ಎನ್ನುತ್ತಾ ಬೆಸುಗೆಯ ಮೇಲೆ ಉಗುರು ಎಳೆಯುತ್ತಾರೆ. ಹಿಂದೆ ಅಗ್ಗದ ಪೈಪು ಬಿರುಕುಬಿಟ್ಟು ಹೊಗೆ ಕಾರಿನೊಳಗೆ ಸೇರುತ್ತಿದ್ದಾಗ, ಹೆಂಡತಿಯ ತಲೆನೋವನ್ನು ನಾಟಕವೆಂದುಕೊಂಡಿದ್ದರಂತೆ. ಆಕೆ ಪ್ರಜ್ಞೆ ತಪ್ಪಿದ ಮೇಲೇ ನಿಜ ತಿಳಿದದ್ದು. ಇಂದು ದುಬಾರಿಯದನ್ನೇ ಹಾಕಿಸಿ, ಎಂಜಿನ್ ಚಾಲೂ ಮಾಡಿಸಿ, ಕಿಟಕಿಗಳನ್ನೆಲ್ಲ ಏರಿಸಿ ಆಕೆಯ ಸೀಟಿನಲ್ಲಿ ತಾವೇ ಕೂತಿದ್ದಾರೆ. "ಸಾಕು, ಇಳೀರಿ," ಎಂದು ಆಕೆ ಹೊರಗಿನಿಂದ ಗಾಜು ತಟ್ಟುತ್ತಾಳೆ. ಅವರು ಇನ್ನೂ ಉಸಿರೆಳೆದು ನೋಡುತ್ತಿದ್ದಾರೆ.