ಸತ್ತು ಗೆದ್ದ ಹೆಣದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋದ ತಣ್ಣನೆಯ ಸಿಮೆಂಟ್ ನೆಲದ ಮೇಲೆ ಹೆಂಗಸೊಬ್ಬರು ಅಂಗಾತ ಬಿದ್ದಿದ್ದಾರೆ. ತುಟಿಗೆ ಬೂದು ಬಣ್ಣ, ಕತ್ತಿಗೆ ಕೆಂಪು ಗೆರೆ, ಒಂದು ಚಪ್ಪಲಿ ಮಾರು ದೂರದಲ್ಲಿ. ‘ಹೆಣ ರೆಡಿನಾ?’ ಎಂದು ಸಹಾಯಕ ನಿರ್ದೇಶಕ ಕೂಗುತ್ತಾನೆ. ‘ರೆಡಿ ಕಣಪ್ಪಾ, ಬೇಗ ಮುಗ್ಸು, ಬೆನ್ನು ಕೊರೀತಿದೆ’ ಎನ್ನುತ್ತದೆ ಹೆಣ. ಕ್ಯಾಮೆರಾ ಓಡಿದ್ದೇ ತಡ, ಅವರ ಎದೆ ಅಲ್ಲಾಡುವುದು ನಿಲ್ಲುತ್ತದೆ.

ಸಿನಿಮಾ ಮಂದಿಗೆ ಇವರು ‘ಹೆಣದಕ್ಕ’. ಇವರನ್ನು ತಬ್ಬಿಕೊಂಡು ಅಳುವ ನಾಯಕನಿಗೆ ಚಪ್ಪಾಳೆ ಸಿಗುತ್ತದೆ. ಇವರಿಗೆ ಪರದೆಯ ಮೇಲೆ ಹೆಸರೂ ಇಲ್ಲ. ‘ಉಸಿರು ಎಳ್ಕೊಂಡು ಹಿಡಿದ್ರೆ ಎದೆ ಉಬ್ಬುತ್ತೆ, ಸಿಕ್ಕಿಬೀಳ್ತೀವಿ. ಪೂರ್ತಿ ಬಿಟ್ಟು ಹಿಡೀಬೇಕು. ಮೂಗಿನ ಮೇಲೆ ನೊಣ ಕೂತ್ರೆ ನಮ್ಮ ಕರ್ಮ’ ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆಯರ ಒಲೆ ಉರಿಯುತ್ತಿರುವುದು ಈ ಸುಳ್ಳು ಸಾವುಗಳಿಂದಲೇ. ‘ಬಿಡ್ತು ಅನ್ನೇ, ಬದುಕಿ ಬಾಳ್ಬೇಕಾದೋಳು ದಿನಾ ಸಾಯೋದೇನು?’ ಎಂದು ಅತ್ತೆ ಮೊದಮೊದಲು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರಂತೆ.

ಈ ಕಸುಬಿನಲ್ಲಿ ‘ಕಟ್’ ಎಂಬ ಮಾತು ಬದುಕಿರುವವರಿಗೆ ಮಾತ್ರ. ಅದೇ ದೃಶ್ಯವನ್ನು ಮತ್ತೆ ತೆಗೆಯಬೇಕಾದೀತು, ಮೈ ಜರುಗಬಾರದು. ಹಾಗಾಗಿ ‘ಹೆಣ ಏಳಬಹುದು’ ಎಂದು ಯಾರಾದರೂ ಹೇಳುವ ತನಕ ಹೆಣ ಏಳುವಂತಿಲ್ಲ. ಒಮ್ಮೆ ಅದನ್ನು ಹೇಳಲು ಎಲ್ಲರೂ ಮರೆತರು. ದೀಪಗಳು ಆರಿದವು, ಮಂದಿ ಊಟಕ್ಕೆ ನಡೆದರು. ಬಿಳಿ ಬಟ್ಟೆಯ ಕೆಳಗೆ ಇವರು ಹಾಗೇ ಇದ್ದರು.

‘ನಾನೂ ಪೆದ್ದಿ ಥರ ಕಾಯ್ತಾ ಮಲಗಿದ್ದೆ. ಆಮೇಲೆ ಹೊಳೀತು, ನಿಜವಾಗ್ಲೂ ಸತ್ತೇಹೋಗಿದ್ರೆ ಇವ್ರಿಗೆ ಯಾವಾಗ ಗೊತ್ತಾಗ್ತಿತ್ತು? ಮೈ ಜುಮ್ಮಂತು. ಸಿಟ್ಟೂ ಬಂತು.’

ಆ ಸಿಟ್ಟೇ ‘ಹೆಣ ಏಳಬಹುದು’ ಎಂಬ ಪತ್ತೇದಾರಿ ಕಾದಂಬರಿಯಾಗಿದೆ. ಶೂಟಿಂಗ್ ನಡೆಯುತ್ತಿದೆ, ಹೆಣದ ಪಾತ್ರದವಳು ಎಷ್ಟು ಚೆನ್ನಾಗಿ ಮಲಗಿದ್ದಾಳೆಂದು ನಿರ್ದೇಶಕ ಮೆಚ್ಚುತ್ತಾನೆ. ಎಬ್ಬಿಸಲು ಹೋದರೆ ಏಳುವುದಿಲ್ಲ, ಯಾರೋ ಕೊಂದಿದ್ದಾರೆ. ಯಾರೆಂದು ನಾನು ಬಾಯಿ ಬಿಟ್ಟರೆ ಹೆಣದಕ್ಕ ನನ್ನನ್ನೇ ಮಲಗಿಸಿಯಾರು. ಮೇಕಪ್ ಕೋಣೆಯ ಮೂಲೆಯಲ್ಲಿ ಬರೆದದ್ದನ್ನು ಅವರು ಸಂಜೆ ಅತ್ತೆಗೆ ಓದಿ ಹೇಳುತ್ತಿದ್ದರು. ಅತ್ತೆಗೆ ದಿನಕ್ಕೊಬ್ಬರ ಮೇಲೆ ಅನುಮಾನ. ‘ಆ ಲೈಟಿನೋನೇ ಕಣೇ. ಅವನ ನಗು ಸರಿಯಿಲ್ಲ.’

ಪ್ರಕಾಶಕರಿಗೆ ಮಾತ್ರ ಹೆಣವೇ ಹಿಡಿಸಲಿಲ್ಲ. ಮೊದಲ ಪುಟಗಳನ್ನು ತಿರುವಿ ಹಸ್ತಪ್ರತಿಯ ಕಟ್ಟನ್ನು ಪಕ್ಕಕ್ಕಿಟ್ಟರು. ‘ಜೂನಿಯರ್ ಆರ್ಟಿಸ್ಟ್ ಸತ್ರೆ ಕೊಂದೋರು ಯಾರು ಅಂತ ಯಾರಮ್ಮಾ ಕೇಳ್ತಾರೆ? ನಾಯಕಿನ ಸಾಯ್ಸಿ, ನಾಳೆನೇ ಅಚ್ಚಿಗೆ ಕೊಡ್ತೀನಿ.’ ಹೆಣದಕ್ಕ ಲೆಕ್ಕ ಹಾಕಿದರು. ಒಪ್ಪಿದರೆ ಪುಸ್ತಕ ಬರುತ್ತದೆ, ಆದರೆ ಆ ಜೂನಿಯರ್ ಆರ್ಟಿಸ್ಟ್ ಯಾರೂ ಕೇಳದೆ ಮತ್ತೆ ಬಟ್ಟೆಯ ಕೆಳಗೇ ಉಳಿಯುತ್ತಾಳೆ. ‘ಅವಳನ್ನ ಬದುಕಿಸಿದ್ರೆ ಪುಸ್ತಕ ಸಾಯುತ್ತೆ ಸಾರ್’ ಎಂದವರೇ ಕೊನೆಯ ಅಧ್ಯಾಯವನ್ನಷ್ಟೇ ಎಳೆದುಕೊಂಡು, ಉಳಿದದ್ದನ್ನು ಮೇಜಿನ ಮೇಲೆ ಬಿಟ್ಟು ಎದ್ದು ಬಂದರು.

ಕೆಲವೇ ದಿನಗಳಲ್ಲಿ ಫೋನ್ ಬಂತು. ಪ್ರಕಾಶಕರು ಕುತೂಹಲಕ್ಕೆಂದು ಓದತೊಡಗಿ ಊಟ ಬಿಟ್ಟು ಕೂತಿದ್ದರು.

‘ಕೊನೇ ಅಧ್ಯಾಯ ಎಲ್ಲಮ್ಮಾ? ಅವಳನ್ನ ಕೊಂದೋರು ಯಾರು?’

‘ಯಾರೂ ಕೇಳಲ್ಲ ಅಂದಿದ್ರಲ್ಲ ಸಾರ್.’

ಆ ಕಡೆಯಿಂದ ನಗು ಕೇಳಿತು. ‘ಸೋತೆ ತಾಯಿ. ನಿಮ್ಮ ಹೆಣ ನಿಮ್ಮಿಷ್ಟ, ಆ ಹಾಳೆ ತಂದ್ಕೊಡಿ.’

ಅಬ್ಬಾ, ಪ್ರಕಾಶಕರ ಈ ಮಾತನ್ನು ನನಗೆ ಹೇಳುವಾಗ ಹೆಣದಕ್ಕನ ಮುಖ ನೋಡಬೇಕು. ಪುಸ್ತಕ ಮರುಮುದ್ರಣ ಕಂಡಿದೆ. ರಕ್ಷಾಪುಟದ ಮೇಲೆ ಅವರ ಹೆಸರು ದಪ್ಪಕ್ಷರದಲ್ಲಿದೆ. ಅತ್ತೆ ಅದನ್ನು ನೆರೆಮನೆಯವರಿಗೆ ತೋರಿಸುತ್ತಾರೆ, ಕೈಗೆ ಮಾತ್ರ ಕೊಡುವುದಿಲ್ಲ. ಕೊಂಡು ಓದಲಿ ಎಂಬುದು ಅವರ ವಾದ.

ಈಗ ನಿರ್ಮಾಪಕರೊಬ್ಬರು ಇದನ್ನೇ ಸಿನಿಮಾ ಮಾಡಲು ಹೊರಟಿದ್ದಾರೆ. ಹೆಣದ ಪಾತ್ರ ನೀವೇ ಮಾಡಬೇಕು ಎಂದು ದುಂಬಾಲು ಬಿದ್ದಿದ್ದಾರೆ. ಹೆಣದಕ್ಕ ಒಪ್ಪಿಲ್ಲ. ಅವರು ಕೇಳಿರುವುದು ಕೊಲೆ ಪತ್ತೆ ಮಾಡುವ ಇನ್‌ಸ್ಪೆಕ್ಟರ್ ಪಾತ್ರ.

‘ಇಷ್ಟು ಸಿನಿಮಾದಲ್ಲಿ ಒಂದು ಸಲಾನೂ ಬಾಯಿ ತೆಗೆದಿಲ್ಲ ನಾನು. ಜಾಸ್ತಿ ಬೇಡ, ಒಂದೇ ಡೈಲಾಗ್ ಸಾಕು. ಕೊನೇಲಿ ಅವನೆದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಅವಳನ್ನ ಕೊಂದಿದ್ದು ನೀನೇ ಅಂತ ನಾನೇ ಹೇಳ್ಬೇಕು.’