ಒಂದು ಸ್ಟೇಷನ್ ಮುಂದೆ

ಆಯುಷ್ಯದ ಅರ್ಧವನ್ನು ಲೋಕಲ್ ರೈಲಿನಲ್ಲಿ ಕಳೆದವಳಿಗೆ ಭೂಮಿಯ ಮೇಲಿನ ಯಾವ ರೈಲೂ ಲೆಕ್ಕಕ್ಕಿಲ್ಲ ಎಂದು ನಾನು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ.

ಅಮ್ಮ ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಪುಟ್ಟ ಫ್ಲಾಟಿನಲ್ಲಿ ನಾನೊಬ್ಬಳೇ ಉಳಿದೆ. ಫಾಸ್ಟ್ ಲೋಕಲ್ ನಿಲ್ಲುವ ಮುಂದಿನ ಸ್ಟೇಷನ್ನಾದ ಕಲ್ಯಾಣದಲ್ಲಿ ಹೋಟೆಲು ನಡೆಸುವ ಅಣ್ಣನಿಗೆ ಅದು ಸರಿಬರಲಿಲ್ಲ. "ಮದುವೆ ಆಗ್ಲಿಲ್ಲ, ಈಗ ರಿಟೈರೂ ಆಯ್ತು. ಒಬ್ಳೇ ಕೂತು ಎಂತ ಮಾಡ್ತಿ ಮಾರಾಯ್ತಿ? ಫ್ಲಾಟ್ ಬಾಡಿಗೆಗೆ ಕೊಟ್ಟು ನಮ್ಮೊಟ್ಟಿಗೆ ಬಾ" ಎಂದು ಬಂದಾಗಲೆಲ್ಲ ತಲೆ ತಿನ್ನುತ್ತಿದ್ದ. ಅವನ ಪ್ರೀತಿಯಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಅವನ ಮನೆಯಲ್ಲಿ ಟೀವಿಯ ರಿಮೋಟೂ ಅವನದೇ, ಕಿಟಕಿ ಯಾವಾಗ ಮುಚ್ಚಬೇಕೆಂಬ ತೀರ್ಮಾನವೂ ಅವನದೇ. ನನಗೆ ನನ್ನ ಕಿಟಕಿ ಬೇಕಿತ್ತು.

ಠಾಣೆ ಊರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ನಾನು ವರ್ಷಗಟ್ಟಲೆ ಟೈಪ್ ಮಾಡಿದ ಪತ್ರಗಳಲ್ಲಿ ಅರ್ಧದಷ್ಟು ಜರ್ಮನಿಯ ಎರ್‌ಫುರ್ಟ್ ಎಂಬ ಊರಿಗೆ ಹೋಗುತ್ತಿದ್ದವು. ನಮ್ಮ ದೊಡ್ಡ ಯಂತ್ರಗಳೆಲ್ಲ ಅಲ್ಲಿಂದ ಬಂದವು. ಆ ಊರನ್ನೊಮ್ಮೆ ನೋಡಬೇಕು, ಅದೂ ಚೀನಾದಿಂದ ಪೂರ್ತಿ ರೈಲಿನಲ್ಲೇ ಹೋಗಿ ನೋಡಬೇಕು ಎಂದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಷರತ್ತು ಹಾಕಿದ. ನಡುವೆ ಎಲ್ಲಾದರೂ ಸಿಕ್ಕಿಬಿದ್ದು ಸಹಾಯಕ್ಕೆ ಅವನಿಗೆ ಫೋನ್ ಮಾಡಿದರೆ ಡೊಂಬಿವಲಿಯ ಮನೆಗೆ ಬೀಗ. ಒಬ್ಬಳೇ ಆ ಊರು ಮುಟ್ಟಿದರೆ ಅವನು ಆ ಮಾತನ್ನು ಮತ್ತೆ ಎತ್ತುವುದಿಲ್ಲ. ನಾನು ಸೈ ಎಂದೆ.

ಬೀಜಿಂಗಿನವರೆಗೆ ವಿಮಾನ, ಮುಂದೆ ರೈಲು. ಮಂಗೋಲಿಯಾದ ಗಡಿಯಲ್ಲಿ ನಮ್ಮನ್ನು ಒಳಗಿಟ್ಟುಕೊಂಡೇ ರೈಲಿನ ಡಬ್ಬಿಗಳನ್ನು ಮೇಲೆತ್ತಿ, ಆಚೆಯ ಅಗಲ ಹಳಿಗೆ ಹೊಂದುವಂತೆ ಗಾಲಿ ಬದಲಾಯಿಸಿದರು. ಆಚೆ ದಿನವಿಡೀ ಹುಲ್ಲು, ಕುದುರೆ, ಮತ್ತೆ ಹುಲ್ಲು. ಸೀಟಿಗೆ ಜಗಳವಾಡುವವರೇ ಇಲ್ಲದೆ ನನಗೆ ಬೇಸರವಾಯಿತು. ಸೈಬೀರಿಯಾದಲ್ಲಿ ಎದುರು ಕೂತ ಅಜ್ಜಿ ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದಳು, ಕಣ್ಣೀರು ಸುರಿಸಿದಳು, ಮತ್ತೆ ಕೈಯೊಡ್ಡಿದಳು. ಮಾಸ್ಕೋ ಹೋಯಿತು, ಪೋಲೆಂಡ್ ಹೋಯಿತು. ಅಣ್ಣನ ನಂಬರನ್ನು ನಾನು ಎಲ್ಲಿಯೂ ಒತ್ತಲಿಲ್ಲ.

ಕೊನೆಯದು ಜರ್ಮನಿಯ ಒಂದು ಸಣ್ಣ ರೈಲು. ಇಳಿಯುವುದನ್ನು ಡೊಂಬಿವಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡು ಸ್ಟೇಷನ್ ಮೊದಲೇ ಬ್ಯಾಗನ್ನು ಎದೆಗವಚಿಕೊಂಡು, ರಶ್ ಇಲ್ಲದ ಕೊನೆಯ ಬಾಗಿಲನ್ನೇ ಹುಡುಕಿ ನಿಂತೆ. ರೈಲು ನಿಂತಿತು. ಬೋರ್ಡಿನ ಮೇಲೆ ನನ್ನ ಬೆರಳುಗಳಿಗೆ ಬಾಯಿಪಾಠವಾಗಿದ್ದ ಅದೇ ಅಕ್ಷರಗಳು. ಬಾಗಿಲು ಮಾತ್ರ ತೆರೆಯಲಿಲ್ಲ. ಅಲ್ಲಿಯತನಕ ಎಲ್ಲ ಕಡೆಯೂ ನನಗಿಂತ ಮುಂದೆ ಯಾರಾದರೂ ಇಳಿದಿದ್ದರು. ನಮ್ಮ ಲೋಕಲ್‌ಗಾದರೋ ಬಾಗಿಲು ಮುಚ್ಚುವುದೆಂಬುದೇ ಇಲ್ಲ. ನಾನು ಕಾಯುತ್ತಲೇ ಇದ್ದೆ, ರೈಲು ಹೊರಟಿತು, ಎರ್‌ಫುರ್ಟ್ ಹಿಂದೆ ಸರಿಯಿತು. ಹಿಂದೆ ಕೂತಿದ್ದ ಮುದುಕರೊಬ್ಬರು ಎದ್ದು ಬಂದು, ಬಾಗಿಲ ಪಕ್ಕದ ಹಸಿರು ಗುಂಡಿಯನ್ನು ಒತ್ತಬೇಕೆಂದು ಬೆರಳಲ್ಲಿ ತೋರಿಸಿದರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದೆ. ಒಂದು ಬೆಂಚು, ನಾನು, ನನ್ನ ಇಳಿದುಹೋದ ಜಂಭ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ತಲುಪುವ ಹೊತ್ತು ಗೊತ್ತಿದ್ದ ಅಣ್ಣ ತಾನೇ ಮಾಡಿದ್ದ.

"ಎಂತ, ಮುಟ್ಟಿದಿಯಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಉಳಿಸಿಕೊಂಡ ಮನೆಯಲ್ಲಿ ನಿದ್ದೆ ಬರಬೇಕಲ್ಲ!

"ಊರು ಬಂತು ಅಣ್ಣ, ಬಾಗಿಲು ತೆಗೀಲಿಕ್ಕೆ ಗೊತ್ತಾಗ್ಲಿಲ್ಲ. ಒಂದು ಸ್ಟೇಷನ್ ಮುಂದೆ ಬಂದಿದ್ದೇನೆ."

"ನೋಡು, ನಾನು ಹೇಳ್ಲಿಲ್ವಾ?" ಅವನ ದನಿಯಲ್ಲಿ ಗೆಲುವಿತ್ತು. "ಈಗ ಎಂತ ಮಾಡ್ತಿ?"

ಕೇಳಿದ್ದೇ ನನಗೆ ನಗು ಬಂತು. "ಫಾಸ್ಟ್ ಲೋಕಲ್‌ನಲ್ಲಿ ನಿದ್ದೆ ಹತ್ತಿ ಡೊಂಬಿವಲಿ ತಪ್ಪಿದ ದಿನ ನಾನು ಎಲ್ಲಿಗೆ ಬರ್ತಿದ್ದೆ, ಹೇಳು?"

"ಎಲ್ಲಿಗೆ ಅಂದ್ರೆ, ಕಲ್ಯಾಣಕ್ಕೆ. ಹೋಟೆಲಿಗೆ ಬಂದು ಚಾ ಕುಡೀತಿದ್ದಿ."

"ಚಾ ಕುಡಿದು?"

ಅವನ ಹಿಂದೆ ಹೋಟೆಲಿನ ತಟ್ಟೆಗಳ ಸದ್ದು ಕೇಳುತ್ತಿತ್ತು.

"ನಿನ್ನ ಮನೆಗೆ ವಾಪಸು ಹೋಗ್ತಿದ್ದಿ" ಎಂದ, ಮೆಲ್ಲಗೆ.

"ಎದುರಿನ ಪ್ಲಾಟ್‌ಫಾರ್ಮಿಗೆ ಗಾಡಿ ಬರ್ತಾ ಉಂಟು. ಇಡ್ತೇನೆ ಅಣ್ಣ."

ರೈಲು ಬಂದು ನಿಂತಿತು. ಮುಚ್ಚಿದ ಬಾಗಿಲಿನ ಮುಂದೆ ಈ ಸಲ ನಾನು ಯಾರಿಗೂ ಕಾಯಲಿಲ್ಲ.