ರೇಡಿಯೋ ನಂಬಿ ನೀರು ಚೆಲ್ಲಿದವರು

ಅಂಜನಾಪುರದಲ್ಲಿ ನಮ್ಮದೂ ಒಂದು ರೇಡಿಯೋ ಸ್ಟೇಷನ್ ಇದೆ ಎಂದರೆ ಜಯನಗರದ ನನ್ನ ಓರಗಿತ್ತಿ ಇವತ್ತಿಗೂ ನಗುತ್ತಾಳೆ. ನಗಲಿ! ಮಹಿಳಾ ಸಂಘದ ನಾವು ನಾಲ್ಕು ಜನ ಸೇರಿ ಶುರು ಮಾಡಿದ ಸಮುದಾಯ ರೇಡಿಯೋ ಅದು. ಮಹಡಿ ಮೇಲೆ ಒಂದು ರೂಮು, ಸದ್ದು ತಡೆಯಲು ಗೋಡೆಗೆ ಹೊಡೆದ ಹಳೇ ಕಂಬಳಿ, ಒಂದು ಮೈಕು. ಲೈಸೆನ್ಸಿಗೆ ಅಲೆದು ಚಪ್ಪಲಿ ಸವೆಸಿದ್ದು ಬೇರೆ ಕಥೆ. ಬೆಳಿಗ್ಗೆ ದೇವರನಾಮ, ಆಮೇಲೆ ತರಕಾರಿ ರೇಟು, ಮಧ್ಯೆ ಮಧ್ಯೆ ಪಕ್ಕದ ಮನೆಯ ಕುಕ್ಕರ್ ಕೂಗು. ಅದೂ ಪ್ರಸಾರವಾಗುತ್ತಿತ್ತು, ಏನು ಮಾಡೋಣ.

ರೂಮು ಓನರ್ ಆಂಟಿಯದು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಬಿಲ್ಡಿಂಗ್ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಹೋದ ಬೇಸಿಗೆಯಲ್ಲಿ ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು.

"ಈ ತಿಂಗ್ಳಿಗೆ ರೂಮ್ ಖಾಲಿ ಮಾಡ್ಬಿಡಮ್ಮ, ಪಿಜಿ ಹಾಸ್ಟೆಲ್ ಮಾಡ್ತೀನಿ. ಈ ಕಾಲದಲ್ಲಿ ರೇಡಿಯೋ ಯಾರ್ ಕೇಳ್ತಾರೆ? ನಾನಂತೂ ಕೇಳಲ್ಲಪ್ಪ."

ಮೈಯೆಲ್ಲ ಉರಿಯಿತು. ಬೇರೆ ಕಡೆ ರೂಮು ಹಿಡಿಯುವ ತಾಕತ್ತು ಸಂಘಕ್ಕಿರಲಿಲ್ಲ; ಅದು ಹೋದರೆ ಸ್ಟೇಷನ್ನೇ ಹೋದಂತೆ. ಅಳು ಬಂತು, ಆದರೆ ಅವರೆದುರಿಗೆ ಅಳುವವಳಲ್ಲ ನಾನು.

ಇವತ್ತು ಯಾವ ಕಡೆಯ ಕ್ರಾಸ್‌ಗಳಿಗೆ ಕಾವೇರಿ ನೀರು ಎಂದು ದಿನಾ ಬೆಳಿಗ್ಗೆ ಹೇಳುವುದು ನಮ್ಮ ಪದ್ಧತಿ. ನೀರು ಬಿಡುವವನು ಫೋನ್ ಮಾಡಿ ತಿಳಿಸುತ್ತಾನೆ. ಆ ವಾರ ಹೊಸಬ ಬಂದಿದ್ದ. "ಬಲಗಡೆ ಕ್ರಾಸ್‌ಗಳಿಗೆ ಅಕ್ಕ" ಎಂದ; ನಾನೂ ಹಾಗೇ ಹೇಳಿದೆ. ಪುಣ್ಯಾತ್ಮ ಬಸ್ ಸ್ಟಾಪಿನ ಕಡೆ ಮುಖ ಮಾಡಿ ನಿಂತು ಬಲಗಡೆ ಅಂದಿದ್ದ. ಬಸ್ ಸ್ಟಾಪಿನಿಂದ ಮನೆಗೆ ನಡೆದು ಬರುವ ನಮಗೆಲ್ಲ ಅದು ಎಡಗಡೆ!

ಹೊಸ ನೀರು ಬರುವ ದಿನ ಹಳೇ ನೀರು ಯಾರು ಇಟ್ಟುಕೊಳ್ಳುತ್ತಾರೆ? ಬಲಗಡೆಯ ಬೀದಿಬೀದಿಯಲ್ಲೂ ಡ್ರಮ್ಮು, ಕೊಡ ಎಲ್ಲ ಬರಿದು ಮಾಡಿ, ತಿಕ್ಕಿ ತೊಳೆದು ಕಾದರು. ನಲ್ಲಿ ಬರೀ ಬುಸ್ ಎಂದಿತು; ನೀರೆಲ್ಲ ಎಡಗಡೆಯ ಬೀದಿಗಳಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಮೆಟ್ಟಿಲ ತುಂಬ ಹೆಂಗಸರು, ಖಾಲಿ ಕೊಡ, ಬೈಗುಳ. ಎಲ್ಲರಿಗಿಂತ ಮುಂದೆ ಯಾರು? ಓನರ್ ಆಂಟಿ! ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಂಡಾಮಂಡಲ.

"ರೇಡಿಯೋದಲ್ಲಿ ಹಿಂಗಾ ಹೇಳೋದು? ನಿನ್ ಮಾತ್ ಕೇಳಿ ಸಂಪ್ ಪೂರ್ತಿ ತೊಳೆಸ್ಬಿಟ್ಟೆ! ಕುಡಿಯಕ್ಕೂ ತೊಟ್ಟು ನೀರಿಲ್ಲ!"

"ನೀವು ರೇಡಿಯೋ ಕೇಳಲ್ಲ ಅಂದ್ರಲ್ಲ ಆಂಟಿ?"

ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದರು. ಅಷ್ಟು ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ನಮ್ಮ ಮಾತು ನಂಬಿ ಅರ್ಧ ಬಡಾವಣೆ ಮನೆಯ ನೀರು ಚೆಲ್ಲಿತ್ತು!

ಆಂಟಿಯ ಕೈಹಿಡಿದು ಮೈಕಿನ ಮುಂದೆ ಕೂರಿಸಿದೆ. ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ನೋಡಬೇಕಿತ್ತು. "ಏನಪ್ಪಾ ನೀರು ಬಿಡೋನೇ, ಎಲ್ಲಿದ್ದೀಯ? ನಮ್ ಮನೆ ಕಡೆ ತಿರುಗಿ ನಿಂತ್ಕೊ, ಈಗ ಬಲಗಡೆಗೆ ಬಿಡು!" ಅವನೂ ನಮ್ಮ ರೇಡಿಯೋ ಕೇಳುತ್ತಿದ್ದನೇನೋ, ಸ್ವಲ್ಪದರಲ್ಲೇ ಕೆಳಗಿನಿಂದ "ಬಂತು, ಬಂತು!" ಎಂದು ಯಾರೋ ಕೂಗಿದರು. ಹೆಂಗಸರೆಲ್ಲ ಕೊಡ ಎತ್ತಿಕೊಂಡು ಓಡಿದರು.

ಆಂಟಿ ಮಾತ್ರ ಏಳಲಿಲ್ಲ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಇನ್ನೊಂದ್ ವಿಷಯ. ನಮ್ ಮಹಡಿ ರೂಮ್ ಬಾಡಿಗೆಗಿಲ್ಲ. ಪಿಜಿ ಅಂತ ಕೇಳ್ಕೊಂಡು ಯಾರೂ ಬರ್ಬೇಡಿ."